ಮೂಳೆ ತುಂಬಲು ಯಾವ ಪೊರೆ? ಕೊಲಾಜೆನ್, ಪಿಆರ್‌ಎಫ್, ಆಮ್ನಿಯಾನ್, ಕೈಟೊಸಾನ್

ಹಲ್ಲು ಕಿತ್ತ ಗುಣಿಯಲ್ಲಿ ಮೂಳೆ ಬೆಳೆಯಬೇಕಾದ ಜಾಗಕ್ಕೆ ವಸಡಿನ ಕೋಶಗಳು ಮೊದಲೇ ನುಗ್ಗುತ್ತವೆ. ಮೂಳೆಕೋಶಗಳದ್ದು ನಿಧಾನದ ನಡೆ. ಈ ನುಗ್ಗಾಟ ತಡೆಯಲಿಕ್ಕೇ ನಡುವೆ ಪೊರೆ ಹಾಸುವುದು. ಆದ್ದರಿಂದ ನಾವು ಪೊರೆಗಳನ್ನು ಅಳೆಯುವುದು ಮುಖ್ಯವಾಗಿ ಒಂದೇ ಲೆಕ್ಕದಲ್ಲಿ: ಕರಗುವ ಮುನ್ನ ಎಷ್ಟು ವಾರ ತಡೆದು ನಿಲ್ಲುತ್ತದೆ?

ಈ ಲೆಕ್ಕದಲ್ಲಿ ಕೊಲಾಜೆನ್ (ಚರ್ಮ, ಮೂಳೆಗಳಲ್ಲಿರುವ ನಾರಿನಂಥ ಪ್ರೋಟೀನ್) ಮುಂದೆ. ಹಂದಿ ಅಥವಾ ದನದ ಅಂಗಾಂಶದಿಂದ ತೆಗೆದದ್ದಾದ್ದರಿಂದ ರೋಗಿಗೆ ಮೂಲ ಯಾವುದೆಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಸಾದಾ ಕೊಲಾಜೆನ್ ಕೆಲವೇ ವಾರಗಳಲ್ಲಿ ಸಡಿಲವಾಗುತ್ತದೆ. ಎಳೆಗಳನ್ನು ರಾಸಾಯನಿಕವಾಗಿ ಹೆಣೆದ ಬಗೆ ತಿಂಗಳುಗಟ್ಟಲೆ ಉಳಿಯುತ್ತದೆ, ಆದರೆ ಹೊರಗೆ ತೆರೆದುಕೊಂಡರೆ ಗಾಯ ಮಾಯುವುದು ತಡ. ಎರಡು ಪದರದ್ದಾದರೆ ಒರಟು ಮುಖ ಮೂಳೆಯ ಕಡೆಗೆ, ನಯವಾದದ್ದು ವಸಡಿನ ಕಡೆಗೆ. ಕತ್ತರಿಸುವಾಗ ಗುಣಿಯ ಅಂಚಿನಿಂದ ಸುತ್ತಲೂ 2-3 ಮಿ.ಮೀ. ಹೆಚ್ಚು ಬಿಡಿ. ಒದ್ದೆಯಾದರೆ ಸೋಸುಬಟ್ಟೆಯಂತೆ ಜೋತುಬೀಳುವುದೇ ಇದರ ದೊಡ್ಡ ದೋಷ. ಕೆಳಗೆ ಮೂಳೆಪುಡಿಯ ಆಸರೆ ಇಲ್ಲದಿದ್ದರೆ ಗುಣಿಯೊಳಗೇ ಕುಸಿದು, ಮೂಳೆಗೆ ಬೇಕಾದ ಜಾಗವನ್ನು ತಾನೇ ತುಂಬುತ್ತದೆ. ಹೊಲಿಗೆ ಬಿಚ್ಚಿ ಪೊರೆ ಬಾಯಿಗೆ ತೆರೆದುಕೊಂಡರೆ ಬ್ಯಾಕ್ಟೀರಿಯಾದ ಕಿಣ್ವಗಳು ಅದನ್ನು ಬೇಗ ತಿಂದುಹಾಕುತ್ತವೆ. ವಸಡನ್ನು ಎಳೆದು ಬಿಗಿದು ಹೊಲಿದಾಗಲೇ ಹೀಗಾಗುವುದು ಹೆಚ್ಚು.

ಪಿಆರ್‌ಎಫ್ ಎಂದರೆ ಪ್ಲೇಟ್‌ಲೆಟ್ ರಿಚ್ ಫೈಬ್ರಿನ್, ಅಂದರೆ ರೋಗಿಯದೇ ರಕ್ತದ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ನಾರಿನಂಥ ಪ್ರೋಟೀನ್) ಹೆಪ್ಪು. 2001ರಲ್ಲಿ ಫ್ರಾನ್ಸಿನ ಶುಕ್ರೂನ್ ತಂಡ ಮುಂದಿಟ್ಟ ವಿಧಾನ. ಹೆಪ್ಪುತಡೆ ರಾಸಾಯನಿಕವಿಲ್ಲದ 10 ಮಿ.ಲೀ. ಟ್ಯೂಬಿಗೆ ರಕ್ತ ಎಳೆದು ಸೆಂಟ್ರಿಫ್ಯೂಜಿನಲ್ಲಿ (ಗಿರಗಿರನೆ ತಿರುಗಿಸಿ ಪದರ ಬೇರ್ಪಡಿಸುವ ಯಂತ್ರ) ನಿಮಿಷಕ್ಕೆ 2700 ಸುತ್ತಿನಂತೆ 12 ನಿಮಿಷ. ಯಂತ್ರದ ರೋಟರ್ (ಟ್ಯೂಬುಗಳನ್ನು ಹೊತ್ತು ತಿರುಗುವ ಭಾಗ) ಬದಲಾದರೆ ಸುತ್ತಿನ ಲೆಕ್ಕವೂ ಬದಲಾಗುತ್ತದೆ. ಸೂಜಿಯಿಂದ ಸೆಂಟ್ರಿಫ್ಯೂಜಿಗೆ ಹೋಗಲು ಒಂದೆರಡು ನಿಮಿಷ ಮೀರಬಾರದು. ತಡವಾದರೆ ರಕ್ತ ಟ್ಯೂಬಿನಲ್ಲೇ ಹೆಪ್ಪುಗಟ್ಟಿ ಪದರಗಳು ಬೇರೆಯಾಗುವುದಿಲ್ಲ, ಕೈಗೆ ಸಿಗುವುದು ಕೆಂಪು ಮುದ್ದೆ. ಹಳದಿ ಹೆಪ್ಪನ್ನು ಇಕ್ಕುಳದಿಂದ ಎತ್ತಿ, ಕೆಳಗಿನ ಕೆಂಪು ಭಾಗ ಕತ್ತರಿಸುವಾಗ ಗಡಿಯಲ್ಲಿ ಒಂದಿಷ್ಟು ಕೆಂಪು ಉಳಿಸಿ. ಪ್ಲೇಟ್‌ಲೆಟ್, ಬಿಳಿರಕ್ತಕಣಗಳು ಹೆಚ್ಚಾಗಿ ಕೂತಿರುವುದು ಅಲ್ಲೇ. ಗಾಜ್ ಬಟ್ಟೆಯ ನಡುವೆ ಹಿಂಡುವುದಕ್ಕಿಂತ ಇದಕ್ಕೆಂದೇ ಇರುವ ಪೆಟ್ಟಿಗೆಯ ತೂಕದ ತಟ್ಟೆಯಡಿ ಒತ್ತಿದರೆ ದಪ್ಪ ಒಂದೇ ಸಮ ಬರುತ್ತದೆ. ವಸಡು ಮಾಯಲು ಇದು ಬಹಳ ಒಳ್ಳೆಯದು. ಆದರೆ ಒಂದೆರಡು ವಾರದಲ್ಲಿ ಕರಗುವ ವಸ್ತುವನ್ನು ತಡೆಗೋಡೆ ಎಂದು ನಂಬುವುದು ತಪ್ಪು. ಗೋಡೆಗಳೆಲ್ಲ ಗಟ್ಟಿ ಉಳಿದ ಗುಣಿಗೆ ಇದೊಂದೇ ಸಾಕು. ಕೆನ್ನೆಯ ಕಡೆಯ ಗೋಡೆ ಹೋಗಿದ್ದರೆ ಕೆಳಗೆ ಕೊಲಾಜೆನ್, ಮೇಲೆ ಪಿಆರ್‌ಎಫ್.

ಆಮ್ನಿಯಾನ್, ಅಂದರೆ ಗರ್ಭಚೀಲದ ಒಳಪೊರೆ, ಬಹಳ ತೆಳು. ಒದ್ದೆ ಜಾಗ ತಾಗಿದೊಡನೆ ಅಂಟಿಕೊಳ್ಳುವುದರಿಂದ ಹೊಲಿಗೆಯ ಗೋಜಿಲ್ಲ, ಒದ್ದೆ ಕೈಗವಸು ತಾಗಿದರೂ ಅಷ್ಟೇ ಅಂಟು! ಒಣ ಇಕ್ಕುಳದಲ್ಲಿ ಹಿಡಿದು ಮೊದಲ ಸಲವೇ ಸರಿಯಾಗಿ ಕೂರಿಸಬೇಕು. ಮಡಿಚಿಕೊಂಡರೆ ಬಿಡಿಸುವುದು ಕಷ್ಟ. ಜಾಗ ಹಿಡಿದಿಡುವ ಗಡಸು ಇದಕ್ಕೂ ಇಲ್ಲ.

ಸಿಗಡಿ, ಏಡಿ ಚಿಪ್ಪಿನ ಕೈಟೊಸಾನ್ ನಮ್ಮ ಮಟ್ಟಿಗೆ ಇನ್ನೂ ಪ್ರಯೋಗಾಲಯದ ಸರಕು. ಅಸಿಟಿಕ್ ಆಮ್ಲದಲ್ಲಿ ಕರಗಿಸಿ ಒಣಗಿಸಿದ ಹಾಳೆಯನ್ನು ಕ್ಷಾರದಲ್ಲಿ ಅದ್ದಿ, ತೊಳೆದ ನೀರಿನ ಪಿಎಚ್ 7ರ ಹತ್ತಿರ ಬರುವವರೆಗೂ ತೊಳೆಯದಿದ್ದರೆ ಉಳಿದ ಆಮ್ಲ ಅಥವಾ ಕ್ಷಾರ ಕೋಶಗಳನ್ನೇ ಕೊಲ್ಲುತ್ತದೆ. ತೊಳೆದ ಹಾಳೆ ಪೂರ್ತಿ ಒಣಗಿದರೆ ಮಡಿಚುವಾಗ ಒಡೆಯುತ್ತದೆ.