ಕ್ಯಾಮೆರಾನಾ, ಕೊಂಡಿನಾ? ಮನೆಗೂ ಫೋನಿಗೂ ಎರಡು ವರ್ಷ ಹಾಕಿ ನೋಡಿದ ಬೀಗಗಳು

ಎರಡು ವರ್ಷದ ಹಿಂದೆ ದಸರಾ ರಜೆಯಲ್ಲಿ ಕುವೆಂಪುನಗರದ ನಮ್ಮ ಹಿಂದಿನ ಬೀದಿಯಲ್ಲಿ ಒಂದು ಮನೆಯ ಬಾಗಿಲು ಮೀಟಿದರು. ಮನೆಯವರು ಊರಿಗೆ ಹೋಗಿದ್ದರು. ಬಾಗಿಲಿಗೆ ಹಾಕಿದ್ದು ಒಳ್ಳೇ ದಪ್ಪ ಬೀಗ. ಬೀಗಕ್ಕೆ ಏನೂ ಆಗಿರಲಿಲ್ಲ, ಕೊಂಡಿಯೇ ಕಿತ್ತು ಬಂದಿತ್ತು. ಎದುರು ಮನೆಯ ಕ್ಯಾಮೆರಾದಲ್ಲಿ ಇಬ್ಬರು ಕಂಡರು. ಇಬ್ಬರಿಗೂ ಟೋಪಿ, ಮಾಸ್ಕ್. ಅಷ್ಟೇ.

ಮಾರನೇ ವಾರ ಬೀದಿಗೆ ಬೀದಿಯೇ ಕ್ಯಾಮೆರಾ ಕೊಳ್ಳಲು ಹೊರಟಿತು. ನಾನೂ ಹೊರಟೆ. ಅಲ್ಲಿಂದ ಇಲ್ಲಿಯವರೆಗೆ ಎರಡು ಥರದ ಕ್ಯಾಮೆರಾ, ಮೂರು ಥರದ ಬೀಗ, ಪಾಸ್‌ವರ್ಡ್ ಇಡುವ ಮೂರು ದಾರಿ, ಎಲ್ಲಾ ನೋಡಿದ್ದಾಯಿತು. ಕೆಲವು ದುಡ್ಡು ದಂಡ.

ಮೊದಲು ತಂದಿದ್ದು ವೈಫೈ ಕ್ಯಾಮೆರಾ. ಒಂದಕ್ಕೆ ಎರಡೂವರೆ ಸಾವಿರ. ಒಂದು ಹಾಲಿಗೆ, ಒಂದು ಗೇಟಿಗೆ. ಇದರ ಸುಖ ಏನು ಅಂದರೆ ಗೋಡೆ ಕೊರೆಯುವ ಕೆಲಸ ಇಲ್ಲ. ಪ್ಲಗ್ ಚುಚ್ಚಿ, ಆ್ಯಪ್ ಹಾಕಿಕೊಂಡರೆ ಆಯಿತು. ಅಮ್ಮ ಮಾತ್ರೆ ತಗೊಂಡರೋ ಇಲ್ಲವೋ ಅಂತ ಆಫೀಸಿನಲ್ಲೇ ನೋಡಬಹುದು, ಅದರಲ್ಲೇ ಮಾತೂ ಆಡಬಹುದು. 64 ಜಿಬಿ ಕಾರ್ಡ್ ಹಾಕಿದ್ದೆ, ಐದಾರು ದಿನದ ರೆಕಾರ್ಡಿಂಗ್ ಸಿಗುತ್ತಿತ್ತು. ಆಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ.

ತೊಂದರೆ ಮೊದಲ ವಾರವೇ ಶುರು. ಈ ಥರದ ಕಡಿಮೆ ಬೆಲೆಯ ಕ್ಯಾಮೆರಾಗಳು ಬಹುಪಾಲು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ. ಬೀದಿಯಲ್ಲಿ ಎಲ್ಲರ ರೂಟರ್ ಕೂಗುವುದೂ ಅದರಲ್ಲೇ. ಗೇಟಿನ ಕ್ಯಾಮೆರಾ ದಿನಕ್ಕೆ ನಾಲ್ಕು ಸಲ ಸಂಪರ್ಕ ಕಳೆದುಕೊಳ್ಳುತ್ತಿತ್ತು. ಕರೆಂಟ್ ಹೋದರೆ ರೂಟರ್ ಸತ್ತಿತು, ಅದರ ಜೊತೆ ಕ್ಯಾಮೆರಾನೂ. ಇನ್ನು ಕಾರ್ಡು ಕ್ಯಾಮೆರಾದ ಒಳಗೇ ಇರುತ್ತದೆ. ಕಳ್ಳ ಕ್ಯಾಮೆರಾ ಕಿತ್ತುಕೊಂಡು ಹೋದರೆ ಸಾಕ್ಷಿಯೂ ಅವನ ಜೇಬಲ್ಲೇ ಹೋಗುತ್ತದೆ. ಅದಕ್ಕೆ ಕಂಪನಿಯ ಸರ್ವರ್‌ನಲ್ಲಿ ಇಡಿ, ತಿಂಗಳಿಗೆ ಇಷ್ಟು ಕಟ್ಟಿ ಅನ್ನುತ್ತಾರೆ. ನಮ್ಮ ಹಾಲಿನ ದೃಶ್ಯ ಯಾವುದೋ ಊರಿನ ಕಂಪ್ಯೂಟರಿನಲ್ಲಿ ಕೂರುವುದಕ್ಕೆ ನಾನೇ ಬಾಡಿಗೆ ಕಟ್ಟಬೇಕು!

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಮೂರು ತಿಂಗಳ ಮೇಲೆ ಗೊತ್ತಾಯಿತು. ಹೆಂಡತಿಯ ಫೋನಿಗೂ ಆ್ಯಪ್ ಹಾಕೋಣ ಅಂತ ಕೂತೆ. 'ಈ ಸಾಧನದ ಮಾಲೀಕರು ನೀವಲ್ಲ' ಅಂತ ಬಂತು. ಮಾಲೀಕ ಯಾರು? ಕ್ಯಾಮೆರಾ ಹಾಕಿಕೊಟ್ಟು ಹೋದ ಹುಡುಗ. ಅವತ್ತು ಬೇಗ ಮುಗಿಸುವ ಆತುರದಲ್ಲಿ ತನ್ನ ನಂಬರಿನಿಂದಲೇ ಖಾತೆ ತೆರೆದು, ನನಗೆ ಶೇರ್ ಮಾಡಿ ಹೋಗಿದ್ದಾನೆ. ಮೂರು ತಿಂಗಳು ನಮ್ಮ ಹಾಲಿನ ದೃಶ್ಯ ಅವನ ಫೋನಿನಲ್ಲೂ ಇತ್ತು. ಅವನು ನೋಡಿದನೋ ಇಲ್ಲವೋ ದೇವರಿಗೇ ಗೊತ್ತು. ಕೇಳಿದರೆ, "ಅಯ್ಯೋ ಸಾರ್, ಎಲ್ರಿಗೂ ಹಂಗೇ ಹಾಕೋದು, ಎಂಟು ನೂರು ಮನೆ ಐತೆ ನನ್ ಫೋನಲ್ಲಿ, ಯಾರ್ ನೋಡ್ತಾರೆ?" ಅಂದ. ಸಮಾಧಾನ ಹೇಳುತ್ತಿದ್ದಾನೆ ಅಂತ ಅವನ ಲೆಕ್ಕ.

ಕ್ಯಾಮೆರಾದ ರೀಸೆಟ್ ಬಟನ್ ಒತ್ತಿದರೂ ಖಾತೆ ಬಿಡಲಿಲ್ಲ. ಅವನೇ ಅವನ ಆ್ಯಪಿನಿಂದ ತೆಗೆಯಬೇಕಿತ್ತು. ಫೋನು ಮಾಡಿ ಮಾಡಿ ತೆಗೆಸಿದೆ. ಆವತ್ತಿನಿಂದ ಯಾವ ಸಾಮಾನು ನೋಡಿದರೂ ನನ್ನ ಮೊದಲ ಪ್ರಶ್ನೆ ಒಂದೇ: ಇದರ ಬೀಗದ ಕೈ ಯಾರ ಹತ್ತಿರ ಇರುತ್ತೆ?

ಆ ಲೆಕ್ಕದಲ್ಲಿ ವೈರಿನ ಕ್ಯಾಮೆರಾ ಗೆದ್ದಿತು. ನಾಲ್ಕು ಕ್ಯಾಮೆರಾ, ಅವುಗಳ ದೃಶ್ಯ ರೆಕಾರ್ಡ್ ಮಾಡುವ ಡಬ್ಬಿ (ಡಿವಿಆರ್) ಒಂದು, 1 ಟಿಬಿ ಹಾರ್ಡ್ ಡಿಸ್ಕ್, ವೈರು, ಕೂಲಿ ಎಲ್ಲಾ ಸೇರಿ ಹದಿನೇಳು ಸಾವಿರ ಆಯಿತು. ಗೋಡೆ ತೂತು, ಧೂಳು, ಅಮ್ಮನ ಬೈಗುಳ ಬೇರೆ. ಆದರೆ ಇಂಟರ್ನೆಟ್ ಇಲ್ಲದೆಯೂ ರೆಕಾರ್ಡ್ ಆಗುತ್ತದೆ. ಹನ್ನೊಂದು ದಿನದ್ದು ಡಿಸ್ಕಿನಲ್ಲಿ ನಿಲ್ಲುತ್ತದೆ. ಡಿವಿಆರ್, ಕ್ಯಾಮೆರಾದ ಪವರ್ ಡಬ್ಬಿ ಎರಡನ್ನೂ ಯುಪಿಎಸ್‌ಗೆ ಸೇರಿಸಿದ್ದೇನೆ, ಕರೆಂಟ್ ಹೋದರೂ ನಡೆಯುತ್ತದೆ. ಎಲ್ಲರೂ ಡಿವಿಆರ್ ಅನ್ನು ಟಿವಿ ಪಕ್ಕ ಇಡುತ್ತಾರೆ. ನಾವು ಅಟ್ಟದ ಮೇಲೆ ಹಳೇ ಪಾತ್ರೆಗಳ ಹಿಂದೆ ಇಟ್ಟೆವು. ಗಾಳಿ ಆಡಲಿ ಅಂತ ಸುತ್ತ ಜಾಗ ಬಿಟ್ಟಿದ್ದೇವೆ, ಇಲ್ಲದಿದ್ದರೆ ಬಿಸಿಯಾಗಿ ಡಿಸ್ಕ್ ಕೆಡುತ್ತದೆ.

ಇದೂ ಹುಷಾರಾಗಿ ನೋಡಿಕೊಳ್ಳಬೇಕಾದ ಪ್ರಾಣಿಯೇ. ನಮ್ಮದಕ್ಕೆ ಹಾಕಿದ್ದ ಪಾಸ್‌ವರ್ಡ್ 'ಅಡ್ಮಿನ್' ಪಕ್ಕದಲ್ಲಿ ಒಂದು, ಎರಡು, ಮೂರು. ಅಂಗಡಿಯವರ ಪ್ರಕಾರ ಮರೆಯಬಾರದಲ್ಲ! 2016ರಲ್ಲಿ 'ಮಿರಾಯ್' ಅನ್ನುವ ದುಷ್ಟ ಪ್ರೋಗ್ರಾಂ ಬಳಸಿಕೊಂಡಿದ್ದು ಇಂಥ ಪಾಸ್‌ವರ್ಡ್‌ಗಳನ್ನೇ. ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಮೇಲೆ ಕಾರ್ಖಾನೆಯಿಂದಲೇ ಹಾಕಿ ಬರುವ ಅರವತ್ತು ಚಿಲ್ಲರೆ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾ ಹೋಯಿತು. ಲಕ್ಷಗಟ್ಟಲೆ ಸಿಕ್ಕಿಬಿದ್ದವು. ಆ ಅಕ್ಟೋಬರಿನಲ್ಲಿ ಅವನ್ನೆಲ್ಲ ಒಟ್ಟಿಗೆ, ಜಾಲತಾಣಗಳ ವಿಳಾಸ ಹುಡುಕಿಕೊಡುವ ಒಂದು ಕಂಪನಿಯ ಮೇಲೆ ಛೂ ಬಿಟ್ಟಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲಾ ಗಂಟೆಗಟ್ಟಲೆ ಕುಂಟಿದವು. ಯಾರದೋ ಮನೆ ಕಾಯಲು ಇಟ್ಟಿದ್ದ ಡಬ್ಬಿಗಳು ಅವು.

ಹಾಗಾಗಿ ಪಾಸ್‌ವರ್ಡ್ ಬದಲಿಸಿದೆ. ಡಿವಿಆರ್‌ಗೆ ಇಂಟರ್ನೆಟ್ ವೈರನ್ನು ಊರಿಗೆ ಹೋಗುವ ದಿನ ಮಾತ್ರ ಚುಚ್ಚುತ್ತೇನೆ. ವಾಪಸ್ ಬಂದ ತಕ್ಷಣ ಕೀಳುತ್ತೇನೆ. ಇದರಿಂದ ಒಂದು ಎಡವಟ್ಟೂ ಆಯಿತು. ಇಂಟರ್ನೆಟ್ ಇಲ್ಲದೆ ಅದರ ಗಡಿಯಾರ ಹದಿನಾಲ್ಕು ನಿಮಿಷ ಹಿಂದೆ ಬಿದ್ದಿತ್ತು. ಪೊಲೀಸರಿಗೆ ಕೊಡುವಾಗ ಇದೇ ದೊಡ್ಡ ಗೊಂದಲ ಆಗುತ್ತದೆ. ಈಗ ಅಮಾವಾಸ್ಯೆಗೊಮ್ಮೆ ಸರಿ ಮಾಡುತ್ತೇನೆ. ದಿನ ನೆನಪಿರುತ್ತೆ ಅಂತ, ಬೇರೇನಿಲ್ಲ.

ರಾತ್ರಿಯ ಚಿತ್ರದಲ್ಲಿ ಎರಡೂ ಥರದವು ಸಮ. ಎರಡಕ್ಕೂ ಶತ್ರು ಜೇಡ. ಕತ್ತಲಲ್ಲಿ ನೋಡಲು ಬಿಡುವ ಇನ್‌ಫ್ರಾರೆಡ್ ಬೆಳಕು ಬಲೆಯ ಮೇಲೆ ಬಿದ್ದು ಪರದೆಯೆಲ್ಲ ಬೆಳ್ಳಗಾಗುತ್ತದೆ. ಫೋನಿಗೆ ಬರುವ ಎಚ್ಚರಿಕೆಯಲ್ಲಿ ಮುಕ್ಕಾಲು ಭಾಗ ಜೇಡ, ಹಲ್ಲಿ, ಬೆಕ್ಕಿನದೇ.

ಎದುರು ಮನೆ ಮೇಷ್ಟ್ರು ಒಂದು ದಿನ ಗೇಟಿನ ಹತ್ತಿರ ನಿಂತು, "ನಿಮ್ ಕ್ಯಾಮೆರಾ ನಮ್ ಬಾಗ್ಲನ್ನೇ ನೋಡ್ತಿದ್ಯಲ್ಲಪ್ಪ" ಅಂದರು. ನಗುತ್ತಲೇ ಅಂದಿದ್ದು, ಆದರೆ ನನಗೆ ನಾಚಿಕೆಯಾಯಿತು. ಹಾಲಿನ ಕ್ಯಾಮೆರಾ ವಿಷಯಕ್ಕೆ ಅಷ್ಟು ಕೂಗಾಡಿದವನು ನಾನೇ ಅಲ್ವಾ. ಡಿವಿಆರ್‌ನಲ್ಲಿ ಚಿತ್ರದ ಒಂದು ಭಾಗವನ್ನು ಕಪ್ಪು ಮಾಡುವ ವ್ಯವಸ್ಥೆ ಇರುತ್ತದೆ. ಅವರ ಬಾಗಿಲು, ಕಿಟಕಿ ಮುಚ್ಚಿ ಅವರಿಗೇ ತೋರಿಸಿದೆ. ಹಾಲಿನಲ್ಲಿ ಈಗ ಕ್ಯಾಮೆರಾನೇ ಇಲ್ಲ.

ಇನ್ನು ಬಾಗಿಲು. ಬೆರಳಚ್ಚಿನ ಬೀಗ ಒಂಬತ್ತು ಸಾವಿರ ಕೊಟ್ಟು ತಂದೆ. ನಾಲ್ಕು ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತದೆ, ಸೆಲ್ ಸತ್ತರೆ ಹೊರಗಿನಿಂದ ಪವರ್ ಬ್ಯಾಂಕ್ ಚುಚ್ಚಿ ತೆಗೆಯಬಹುದು. ಮಗನಿಗೆ ಬಲು ಖುಷಿ. ಅಮ್ಮನಿಗೆ ಮಾತ್ರ ತೆಗೆಯಲಿಲ್ಲ. ಎಪ್ಪತ್ತು ದಾಟಿದ, ಪಾತ್ರೆ ಉಜ್ಜಿ ಸವೆದ ಬೆರಳು. ಅರಿಶಿನ ಮೆತ್ತಿದ್ದರಂತೂ ಕೇಳಬೇಡಿ. ಎರಡು ಸಲ ಮಳೆಯಲ್ಲಿ ಹೊರಗೆ ನಿಂತರು. ಮೂರನೇ ಸಲ ಆಗುವ ಮೊದಲು ಅದನ್ನು ಬಿಚ್ಚಿದೆ.

ಆಮೇಲೆ ಸಂತೇಪೇಟೆಯಿಂದ ದೊಡ್ಡ ಬೀಗ ತಂದೆ. ಅದನ್ನು ಹಾಕಲು ಬಂದ ಆಚಾರ್ರು ಬೀಗ ನೋಡಲೇ ಇಲ್ಲ. ಕೊಂಡಿಯನ್ನು ಎರಡು ಬೆರಳಲ್ಲಿ ಅಲ್ಲಾಡಿಸಿ, "ಬೀಗ ಆನೆ ಕಟ್ಟೋ ಹಂಗೈತೆ ಸಾರ್, ಅದನ್ನ ಹಿಡ್ಕೊಂಡಿರೋದು ಈ ಮುಕ್ಕಾಲಿಂಚು ಸ್ಕ್ರೂ" ಅಂದರು. ಹಿಂದಿನ ಬೀದಿಯಲ್ಲಿ ಆಗಿದ್ದೂ ಅದೇ. ಅವರು ಮಾಡಿದ ಕೆಲಸ ಇಷ್ಟು: ಹೊರಗಿನ ಕೊಂಡಿ ತೆಗೆದು, ಬಾಗಿಲಿನ ಒಳಗೇ ಕೂರುವ ಬೀಗ ಹಾಕಿದರು. ಅದರ ನಾಲಿಗೆ ಹೋಗಿ ಕೂರುವ ಕಡೆ ಚೌಕಟ್ಟಿಗೆ ಉದ್ದನೆಯ ಉಕ್ಕಿನ ಪಟ್ಟಿ, ಮೂರಿಂಚಿನ ಸ್ಕ್ರೂ ಬಿಗಿದರು. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಡ್ಡ ಕಬ್ಬಿಣದ ಅಗುಳಿ. ಎಲ್ಲಾ ಸೇರಿ ಮೂರು ಸಾವಿರದ ಆರುನೂರು. ಹೊರಗೆ ಬೀಗ ನೇತಾಡದ ಕಾರಣ ಮನೇಲಿ ಜನ ಇದ್ದಾರೋ ಇಲ್ಲವೋ ದೂರದಿಂದ ತಿಳಿಯುವುದಿಲ್ಲ, ಅದು ಬೋನಸ್ಸು. ಎರಡು ವರ್ಷದ ಖರ್ಚಿನಲ್ಲಿ ಒಂದೇ ಉಳಿಸಿಕೋ ಅಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಕ್ಯಾಮೆರಾ ಕಳ್ಳನನ್ನು ನೋಡುತ್ತದೆ, ಕೈ ಹಿಡಿಯುವುದಿಲ್ಲ. ಪಟ್ಟಿ ಹಿಡಿಯುತ್ತದೆ.

ಬಾಗಿಲಿಗೆ ಅಂಟಿಸುವ, ತೆಗೆದರೆ ಕಿರುಚುವ ಅಯಸ್ಕಾಂತದ ಅಲಾರಂ ನಾನೂರು ರೂಪಾಯಿಗೆ ಸಿಗುತ್ತದೆ. ಹಿತ್ತಿಲಿಗೆ ಒಂದು ಹಾಕಿದ್ದೇವೆ. ಪರವಾಗಿಲ್ಲ. ಮೂರು ದಿನಕ್ಕಿಂತ ಜಾಸ್ತಿ ಊರಲ್ಲಿ ಇಲ್ಲದಿದ್ದರೆ ಠಾಣೆಗೆ ಒಂದು ಮಾತು ಹೇಳಿ, ಮೇಷ್ಟ್ರಿಗೆ ಪೇಪರ್, ಹಾಲು ಎತ್ತಿಕೊಳ್ಳಲು ಹೇಳಿ ಹೋಗುತ್ತೇವೆ.

ಮನೆಗೆ ಇಷ್ಟೆಲ್ಲ ಮಾಡಿದವನು ಫೋನಿಗೆ ಏನು ಮಾಡಿದ್ದೆ? ಎಲ್ಲ ಕಡೆ ಒಂದೇ ಪಾಸ್‌ವರ್ಡ್, ಅದೂ ಮಗನ ಹೆಸರು. ಅಮ್ಮ ನನಗಿಂತ ವಾಸಿ. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲಾ ಬರೆದು ದೇವರ ಮನೆಯಲ್ಲಿ ಇಟ್ಟಿದ್ದರು. ನಗಬೇಡಿ. ದೂರದಿಂದ ಬರುವ ಕಳ್ಳನಿಗೆ ಆ ನೋಟ್‌ಬುಕ್ ಸಿಗುವುದೇ ಇಲ್ಲ. ಆದರೆ ಬೀರು ಒಡೆಯುವ ಕಳ್ಳನಿಗೆ ಸಿಗುತ್ತದೆ, ಅದೂ ಎಟಿಎಂ ಕಾರ್ಡಿನ ಜೊತೆ. ನಾನು ಪಾಸ್‌ವರ್ಡ್ ಮ್ಯಾನೇಜರ್‌ಗೆ, ಅಂದರೆ ಎಲ್ಲ ಪಾಸ್‌ವರ್ಡ್‌ಗಳನ್ನು ಒಂದು ಬೀಗದ ಒಳಗೆ ಇಡುವ ಆ್ಯಪಿಗೆ ಹೋದೆ. ಬ್ರೌಸರಿನಲ್ಲೇ ಉಳಿಸುವುದು ಇನ್ನೂ ಸಲೀಸು, ನಿಜ. ಆದರೆ ನಮ್ಮ ಮನೆಯ ಲ್ಯಾಪ್‌ಟಾಪ್ ಮಗ, ಅವನ ಗೆಳೆಯರು, ಎಲ್ಲರ ಕೈಗೂ ಹೋಗುತ್ತದೆ. ಅಮ್ಮ ನೋಟ್‌ಬುಕ್ಕಿನಲ್ಲೇ ಇದ್ದಾರೆ. ಪಿನ್ ಇರುವ ಹಾಳೆ ಮಾತ್ರ ಹರಿದು ಹಾಕಿಸಿದೆ.

ಖಾತೆಗೆ ಹೋಗುವಾಗ ಬಂದವರು ನಾವೇ ಅಂತ ತೋರಿಸುವುದನ್ನು ಮೂರು ದಾರಿಯಲ್ಲಿ ನೋಡಿದೆ. ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಸಡಿಲ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ ಅಂತ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬರುತ್ತದಲ್ಲ, ಅದು ಕೂರುವುದೇ ಈ ಮೆಸೇಜ್ ಓದಲು. ಆಥೆಂಟಿಕೇಟರ್ ಆ್ಯಪ್ 30 ಸೆಕೆಂಡಿಗೊಮ್ಮೆ ಆರು ಅಂಕಿ ಬದಲಿಸುತ್ತದೆ. ಸಿಮ್ ಬೇರೆಯವರ ಕೈಗೆ ಹೋದರೂ ಅಂಕಿ ಹೋಗುವುದಿಲ್ಲ. ಆದರೆ ಯಾರಾದರೂ ಫೋನಿನಲ್ಲಿ ಪುಸಲಾಯಿಸಿ ಕೇಳಿದರೆ ನಾವೇ ಓದಿ ಹೇಳಿಬಿಡಬಹುದು. ಪಾಸ್‌ಕೀ ಇದ್ದರೆ ಹೇಳಲು ಅಂಕಿಯೇ ಇರುವುದಿಲ್ಲ. ಫೋನಿಗೆ ಬೆರಳು ಒತ್ತಬೇಕು, ನಕಲಿ ಜಾಲತಾಣಕ್ಕೆ ಅದು ಉತ್ತರವನ್ನೇ ಕೊಡುವುದಿಲ್ಲ. ಇಮೇಲ್‌ಗೆ ಪಾಸ್‌ಕೀ ಹಾಕಿದ್ದೇನೆ. ನನ್ನ ಬ್ಯಾಂಕಿನದು ಇನ್ನೂ ಎಸ್‌ಎಂಎಸ್, ಬೇರೆ ದಾರಿ ಇಲ್ಲ. ಅದಕ್ಕೆ ಸಿಮ್‌ಗೇ ಪಿನ್ ಇಟ್ಟೆ. ಇದನ್ನು ಮಾಡುವವರು ಹುಷಾರು, ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗಿ, ಅದನ್ನು ಬಿಡಿಸುವ ಪಿಯುಕೆ ನಂಬರ್ ಕೇಳುತ್ತದೆ.

ಆಧಾರ್ ವಿಷಯಕ್ಕೆ ಬಂದರೆ ನನಗೆ ಕೋಪ ಜಾಸ್ತಿ. ಒಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಲು ನಿಂತಿದ್ದಾಗ ಅವರ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರ್ ಕಂಡಿತು. ಬೀದಿಯವರದೆಲ್ಲ ಆಧಾರ್ ಅಲ್ಲೇ ಇದೆ! ಪಾಸ್‌ವರ್ಡ್ ಇರುತ್ತಲ್ಲ ಅನ್ನಬೇಡಿ. ಇ-ಆಧಾರ್, ಅಂದರೆ ಡೌನ್‌ಲೋಡ್ ಮಾಡಿಕೊಳ್ಳುವ ಆಧಾರ್ ಫೈಲಿನ ಪಾಸ್‌ವರ್ಡ್ ಅಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ವರ್ಷ. ಬೀಗ ಹಾಕಿ ಬೀಗದ ಕೈ ತುಳಸಿ ಕಟ್ಟೆ ಮೇಲಿಟ್ಟ ಹಾಗೆ. ಈಗ ಎಲ್ಲಿ ನಡೆಯುತ್ತದೋ ಅಲ್ಲೆಲ್ಲ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡುತ್ತೇನೆ. ಕೆಲವು ಲಾಡ್ಜ್‌ಗಳಲ್ಲಿ ಮೂತಿ ಸೊಟ್ಟ ಮಾಡುತ್ತಾರೆ, ಮಾಡಲಿ.

ಬಯೋಮೆಟ್ರಿಕ್ ಲಾಕ್, ಅಂದರೆ ಆಧಾರ್‌ನಲ್ಲಿ ನಮ್ಮ ಹೆಬ್ಬೆಟ್ಟು ನಡೆಯದ ಹಾಗೆ ಬೀಗ ಹಾಕುವುದು, ಇನ್ನೊಂದು ಮೆಟ್ಟಿಲು ಮೇಲೆ. 2023ರಲ್ಲಿ ಆಸ್ತಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ನಕಲು ಮಾಡಿ, ಆಧಾರ್ ಮೂಲಕ ಖಾತೆಯಿಂದ ದುಡ್ಡು ತೆಗೆದ ದೂರುಗಳು ಬೆಂಗಳೂರಿನಲ್ಲಿ ಬಂದಾಗ ಮನೆಯವರೆಲ್ಲರದೂ ಲಾಕ್ ಮಾಡಿದ್ದೆ. ಮುಂದಿನ ತಿಂಗಳು ಅಮ್ಮ ರೇಷನ್ ತರಲು ಹೋಗಿ ಬರಿಗೈಲಿ ಬಂದರು. ಲಾಕ್ ಇದ್ದರೆ ನ್ಯಾಯಬೆಲೆ ಅಂಗಡಿಯ ಯಂತ್ರವೂ ಹೆಬ್ಬೆಟ್ಟು ಒಪ್ಪುವುದಿಲ್ಲ. ಆ ಹೊತ್ತಿಗೆ ತೆಗೆದು ಮತ್ತೆ ಹಾಕಬೇಕು. ಈಗ ರೇಷನ್ ದಿನ ಅಮ್ಮ ಸಾಲಿನಲ್ಲಿ ನಿಂತು ನನಗೆ ಫೋನ್ ಮಾಡುತ್ತಾರೆ: "ತೆಗ್ಯೋ, ಇನ್ನು ಇಬ್ರೇ ಇರೋದು ಮುಂದೆ." ಒಳ್ಳೇ ವ್ಯವಸ್ಥೆ, ಸುಲಭ ಅಂತ ನಾನು ಹೇಳಲಾರೆ.

ಐದು ನಿಮಿಷದಲ್ಲಿ ಆಗುವ ಕೆಲಸ ಬೇಕಿದ್ದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ನೋಡಿ. ಅಮ್ಮನಿಗೆ ಇರುವುದು ಒಂದು ಫೋನು, ಅಲ್ಲಿ ತೋರಿಸಿದ್ದು ಮೂರು ನಂಬರು. ಎರಡಕ್ಕೆ 'ನನ್ನದಲ್ಲ' ಅಂತ ಒತ್ತಿದೆವು. ದುಡ್ಡೇ ಹೋಯಿತು ಅಂತಾದರೆ ಯೋಚನೆ ಮಾಡುತ್ತಾ ಕೂರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮಂಡ್ಯದಲ್ಲಿ ನನ್ನ ತಂಗಿ ಬಾಡಿಗೆ ಮನೆಯಲ್ಲಿದ್ದಾಳೆ. ಗೋಡೆ ಕೊರೆಯುವಂತಿಲ್ಲ, ಬಾಗಿಲು ಮುಟ್ಟುವಂತಿಲ್ಲ. ಅವಳಿಗೆ ವೈಫೈ ಕ್ಯಾಮೆರಾನೇ ಸರಿ ಅಂದೆ. ಒಂದೇ ಒಂದು, ಬಾಗಿಲ ಕಡೆ ಮುಖ ಮಾಡಿ. ಮೊನ್ನೆ ತರಲು ಹೋಗಿದ್ದಳು. ಅಂಗಡಿಯವನು, "ಕೊಡಿ ಮೇಡಂ, ನಾನೇ ಆ್ಯಪ್ ಹಾಕ್ಕೊಡ್ತೀನಿ" ಅಂತ ಕೈ ಚಾಚಿದನಂತೆ. ಇವಳು ಡಬ್ಬಿ ಮಾತ್ರ ಇಸಿದುಕೊಂಡು ಬಂದಳು. ರಾತ್ರಿ ಒಂಬತ್ತಕ್ಕೆ ನನಗೆ ವಿಡಿಯೋ ಕಾಲ್ ಮಾಡಿ ಕೂತು, ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ತಾನೇ ಹಾಕಿದಳು.