ಸ್ಕ್ರೀನ್ ಮೇಲೆ 30 ಡಿಗ್ರಿ, ಎಂಜಿನ್ ಒಳಗೆ 40: ರೆಡಿಮೇಡ್ ಟೈಮಿಂಗ್ ಮ್ಯಾಪ್ ಹಾಕಿಸುವ ಮುಂಚೆ ಓದಿ

ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕಿಡಿ ಹಂಚುವ ಹಳೆಯ ಭಾಗ) ತೆಗೆಸಿ, ಕಿಡಿ ಯಾವಾಗ ಹಾರಬೇಕು ಅನ್ನುವುದನ್ನು, ಅಂದರೆ ಟೈಮಿಂಗನ್ನು, ಒಂದು ಕಂಪ್ಯೂಟರ್ ಯೂನಿಟ್ ನಿರ್ಧರಿಸುವ ಪ್ರೋಗ್ರಾಮೆಬಲ್ ಇಗ್ನಿಷನ್ ಹಾಕಿಸಬೇಕು ಅಂತಿರುವವರಿಗೆ ಈ ಬರಹ. ಲ್ಯಾಪ್‌ಟಾಪ್ ತಂದು ಟೈಮಿಂಗ್ ಲೈಟ್ (ಕಿಡಿ ಹಾರಿದ ಕ್ಷಣಕ್ಕೆ ಮಿನುಗಿ ಪುಲ್ಲಿಯ ಗುರುತು ತೋರಿಸುವ ದೀಪ) ತರದ ಟ್ಯೂನರ್ ಕೈಗೆ ಕಾರು ಕೊಡಬೇಡಿ. ನನ್ನ ಎಂಜಿನ್ನಿನ ಮೂರನೇ ಪಿಸ್ಟನ್ ಒಡೆದಿದ್ದು ಹಾಗೇ.

ಕಾರು ಹಳೆಯದು. ನಾಲ್ಕು ಸಿಲಿಂಡರ್, ಕಾರ್ಬ್ಯುರೇಟರ್. ಡಿಸ್ಟ್ರಿಬ್ಯೂಟರ್ ಸವೆದು ಟೈಮಿಂಗ್ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅದರ ಬದಲು ಕ್ರ್ಯಾಂಕ್ ಪುಲ್ಲಿಗೆ ಹಲ್ಲಿನ ಚಕ್ರ, ಪಕ್ಕದಲ್ಲಿ ಒಂದು ಸೆನ್ಸರ್, ವ್ಯಾಕ್ಯೂಮ್ ಅಳೆಯುವ ಇನ್ನೊಂದು ಸೆನ್ಸರ್, ಎರಡು ಕಾಯಿಲ್ ಹಾಕಿದರು. ಚಕ್ರದಲ್ಲಿ 36 ಹಲ್ಲಿನ ಜಾಗ, ಅದರಲ್ಲಿ ಒಂದು ಹಲ್ಲು ಇರುವುದಿಲ್ಲ. ಆ ಖಾಲಿ ಜಾಗ ದಾಟಿದಾಗ ಕ್ರ್ಯಾಂಕ್ ಎಲ್ಲಿದೆ ಅಂತ ಯೂನಿಟ್‌ಗೆ ಗೊತ್ತಾಗುತ್ತದೆ. ಆದರೆ ಅಲ್ಲಿಂದ ಒಂದನೇ ಸಿಲಿಂಡರಿನ ಟಿಡಿಸಿಗೆ (ಪಿಸ್ಟನ್ ತುತ್ತತುದಿಗೆ ಏರಿದ ಸ್ಥಾನಕ್ಕೆ) ಎಷ್ಟು ಡಿಗ್ರಿ ಅನ್ನುವುದು ಅದಕ್ಕೆ ತಾನಾಗಿ ಗೊತ್ತಾಗಲ್ಲ. ನಾವೇ ತುಂಬಬೇಕು. ಆ ಸಂಖ್ಯೆಗೆ ಆಫ್‌ಸೆಟ್ ಅಂತಾರೆ. ಒಂದು ಹಲ್ಲು ತಪ್ಪಿದರೆ 10 ಡಿಗ್ರಿ ತಪ್ಪಿತು ಅಂತಲೇ ಲೆಕ್ಕ.

ನನ್ನ ಟ್ಯೂನರ್ ಬೇರೆ ಯಾವುದೋ ಎಂಜಿನ್ನಿನ ಮ್ಯಾಪ್ ಫೈಲ್ (ಯಾವ ಆರ್‌ಪಿಎಂ, ಎಷ್ಟು ಲೋಡಿಗೆ ಕಿಡಿ ಎಷ್ಟು ಡಿಗ್ರಿ ಮುಂಚೆ ಅನ್ನುವ ಪಟ್ಟಿ) ತಂದು, ಆಫ್‌ಸೆಟ್ ಸಮೇತ ಹಾಗೇ ತುಂಬಿದ. "ಈ ಮ್ಯಾಪ್ ಎಷ್ಟೋ ಗಾಡೀಲಿ ಓಡ್ತಿದೆ ಸಾರ್, ಕಣ್ಣು ಮುಚ್ಕೊಂಡು ಓಡ್ಸಿ" ಅಂದ. ಲೈಟ್ ಹಿಡಿದು ನೋಡಲ್ವಾ ಅಂತ ಕೇಳಿದೆ. ಎಲ್ಲ ಸ್ಕ್ರೀನ್ ಮೇಲೆ ಕಾಣ್ತಿದೆಯಲ್ಲ ಅಂದ. ಸ್ಕ್ರೀನ್ ಮೇಲೆ ಕಾಣುವುದು ಯೂನಿಟ್ ಏನು ಅಂದುಕೊಂಡಿದೆ ಅನ್ನುವುದು ಮಾತ್ರ. ಕಿಡಿ ನಿಜವಾಗಿ ಯಾವಾಗ ಹಾರುತ್ತಿದೆ ಅಂತ ಹೇಳುವುದು ಲೈಟ್ ಒಂದೇ.

ಇದರಲ್ಲಿ ಮೋಸ ಹೋಗುವುದು ಬಹಳ ಸುಲಭ. ಯಾಕೆಂದರೆ 10 ಡಿಗ್ರಿ ಜಾಸ್ತಿ ಅಡ್ವಾನ್ಸ್ ಆದ, ಅಂದರೆ ಕಿಡಿ ಅಷ್ಟು ಮುಂಚೆ ಹಾರುವ ಎಂಜಿನ್ ಮೊದಮೊದಲು ಚೆನ್ನಾಗಿಯೇ ಇರುತ್ತದೆ. ಐಡಲ್‌ನಲ್ಲಿ 12 ಇರಬೇಕಾದದ್ದು 22 ಆದರೆ ಎಂಜಿನ್ ಇನ್ನೂ ನಯವಾಗಿ ಓಡುತ್ತದೆ, ಆರ್‌ಪಿಎಂ ಏರುತ್ತದೆ, ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಿ ಇಳಿಸುತ್ತಾರೆ. ಅಷ್ಟೇ. ಹಗುರವಾಗಿ ಓಡಿಸುವಾಗ ಸಿಲಿಂಡರಿಗೆ ಹೋಗುವ ಗಾಳಿ-ಪೆಟ್ರೋಲ್ ಕಡಿಮೆ, ಉರಿಯುವುದು ನಿಧಾನ, ಹಾಗಾಗಿ ಅಲ್ಲೂ ತಕ್ಷಣ ಏನೂ ಗೊತ್ತಾಗಲ್ಲ. ಪಿಕಪ್ ಕೂಡ ಚುರುಕು ಅನ್ನಿಸುತ್ತದೆ. ನಾನಂತೂ ಖುಷಿಯಾಗಿದ್ದೆ.

ಒಂದೇ ಒಂದು ಸುಳಿವು ಸಿಕ್ಕಿತ್ತು. ಎಂಜಿನ್ ಬಿಸಿ ಇದ್ದಾಗ ಸ್ಟಾರ್ಟ್ ಮಾಡಿದರೆ ಸೆಲ್ಫ್ ಮೋಟಾರ್ ತಡೆದು ತಡೆದು ತಿರುಗುತ್ತಿತ್ತು. ಒಮ್ಮೊಮ್ಮೆ ಟಕ್ ಅಂತ ಹಿಂದಕ್ಕೆ ಒದೆಯುತ್ತಿತ್ತು. ಟ್ಯೂನರಿಗೆ ಫೋನ್ ಮಾಡಿದರೆ "ಬ್ಯಾಟರಿ ವೀಕ್ ಸಾರ್" ಅಂದ. ಬ್ಯಾಟರಿಗೆ ಏನೂ ಆಗಿರಲಿಲ್ಲ. ಸೆಲ್ಫ್ ಹೊಡೆಯುವಾಗ ಕ್ರ್ಯಾಂಕ್ ತಿರುಗುವುದೇ ನಿಧಾನ. ಕಿಡಿ ತುಂಬ ಬೇಗ ಬಿದ್ದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ಹುಟ್ಟಿ ಅದನ್ನು ಕೆಳಕ್ಕೆ ತಳ್ಳುತ್ತದೆ. ಆ ಒದೆತ ಅದು.

ನಿಜವಾದ ಪೆಟ್ಟು ಬಿದ್ದದ್ದು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ. ಸಿಲಿಂಡರಿನ ಒತ್ತಡ ಅತಿ ಹೆಚ್ಚಾಗಬೇಕಾದದ್ದು ಪಿಸ್ಟನ್ ಟಿಡಿಸಿ ದಾಟಿ ಸುಮಾರು 15 ಡಿಗ್ರಿ ಇಳಿದ ಮೇಲೆ. ಅದಕ್ಕಿಂತ ತುಂಬ ಮುಂಚೆ ಆದರೆ, ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಮಿಶ್ರಣ ಒತ್ತಡ ಮತ್ತು ಶಾಖಕ್ಕೆ ತಾನೇ ಸಿಡಿಯುತ್ತದೆ. ನಾಕಿಂಗ್ ಅನ್ನುವುದು ಇದನ್ನೇ. ಕಡಿಮೆ ಆರ್‌ಪಿಎಂನಲ್ಲಾದರೆ ಟಣಟಣ ಅಂತ ಕೇಳಿಸುತ್ತದೆ. 4000 ದಾಟಿದ ಮೇಲೆ ಎಂಜಿನ್ ಮತ್ತು ಸೈಲೆನ್ಸರ್ ಸದ್ದಿನಲ್ಲಿ ಅದು ಮುಚ್ಚಿಹೋಗುತ್ತದೆ. ನನಗಂತೂ ಕೇಳಿಸಲಿಲ್ಲ. ಒಂದು ಉದ್ದನೆಯ ಏರು ಹತ್ತಿದ ಮೇಲೆ ಶಕ್ತಿ ಕುಸಿಯಿತು, ಹಿಂದೆ ನೀಲಿ ಹೊಗೆ, ಆಯಿಲ್ ಕ್ಯಾಪ್ ತೆಗೆದರೆ ಬುಸುಬುಸು ಗಾಳಿ.

ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮೊದಲು ಪ್ಲಗ್ ಬಿಚ್ಚಿ ಭೂತಗನ್ನಡಿ ಹಿಡಿದರು. ಮೂರನೇ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ, ಅದರ ನಡುವೆ ಹೊಳೆಯುವ ಸಣ್ಣ ಸಣ್ಣ ಗುಂಡು. ಆ ಗುಂಡು ಪಿಸ್ಟನ್ನಿನಿಂದ ಎದ್ದು ಬಂದ ಅಲ್ಯೂಮಿನಿಯಂ. ಕಂಪ್ರೆಷನ್ ನೋಡಿದರೆ ಉಳಿದ ಮೂರೂ ಸರಿ, ಇದು ಅರ್ಧಕ್ಕಿಂತ ಕಡಿಮೆ. ಹೆಡ್ ಇಳಿಸಿ ಪಿಸ್ಟನ್ ಹೊರಗೆ ತೆಗೆದಾಗ, ಮೊದಲನೇ ಮತ್ತು ಎರಡನೇ ರಿಂಗ್ ನಡುವಿನ ಅಂಚು ತುಂಡಾಗಿ ಕೈಗೆ ಬಂತು.

ಕಾರಣ ಹುಡುಕಿದ ರೀತಿ ಎಲ್ಲರಿಗೂ ಗೊತ್ತಿರಬೇಕು. ಎಂಜಿನ್ ಜೋಡಿಸಿದ ಮೇಲೆ ಅವರು ಪುಲ್ಲಿಯ ಗುರುತನ್ನೂ ನಂಬಲಿಲ್ಲ. ಕೆಲವು ಪುಲ್ಲಿಗಳಲ್ಲಿ ನಡುವೆ ರಬ್ಬರ್ ಇರುತ್ತದೆ, ಅದು ಹಳತಾಗಿ ಹೊರಗಿನ ರಿಂಗ್ ಜಾರಿದರೆ ಗುರುತೂ ಜಾರುತ್ತದೆ. ಒಂದನೇ ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ (ಪಿಸ್ಟನ್ ಪೂರ್ತಿ ಮೇಲೇರದಂತೆ ತಡೆಯುವ ಬೋಲ್ಟ್) ತಿರುಗಿಸಿದರು. ಕ್ರ್ಯಾಂಕ್ ಅನ್ನು ಸ್ಪ್ಯಾನರ್ ಹಾಕಿ ಮೆತ್ತಗೆ ಒಂದು ಕಡೆ ತಿರುಗಿಸಿ, ತಡೆದಲ್ಲಿ ಪುಲ್ಲಿ ಮೇಲೆ ಗೆರೆ. ಇನ್ನೊಂದು ಕಡೆ ತಿರುಗಿಸಿ ತಡೆದಲ್ಲಿ ಇನ್ನೊಂದು ಗೆರೆ. ಎರಡರ ಸರಿ ಮಧ್ಯ ನಿಜವಾದ ಟಿಡಿಸಿ. ಸೆಲ್ಫ್ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಪಿಸ್ಟನ್ ತೂತು.

ಆಮೇಲೆ ಸಾಫ್ಟ್‌ವೇರಿನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಲಾಕ್ ಮಾಡಿ ಲೈಟ್ ಹಿಡಿದರು. ಗುರುತು ನಿಂತದ್ದು 20ರಲ್ಲಿ. ಸರಿಯಾಗಿ ಒಂದು ಹಲ್ಲು! ನನ್ನ ಎಂಜಿನ್ನಿನಲ್ಲಿ ಸೆನ್ಸರ್ ಕೂತ ಜಾಗ ಆ ಫೈಲಿನ ಎಂಜಿನ್ನಿಗಿಂತ ಬೇರೆ, ಅಷ್ಟೇ ವಿಷಯ. ಆಫ್‌ಸೆಟ್ ತಿದ್ದಿ, ಲಾಕ್ ತೆಗೆಯದೆ ಆರ್‌ಪಿಎಂ ಏರಿಸಿದರು. ಗುರುತು ಅಲ್ಲಾಡದೆ ನಿಲ್ಲಬೇಕು. ಆರ್‌ಪಿಎಂ ಜೊತೆ ಸರಿದರೆ ಸೆನ್ಸರಿನ ಎರಡು ವೈರ್ ಅದಲು ಬದಲಾಗಿರಬಹುದು, ಅದನ್ನು ಸರಿ ಮಾಡದೆ ಮ್ಯಾಪ್ ಮುಟ್ಟಬಾರದು. ಇನ್ನೊಂದು: ಒಂದು ಕಾಯಿಲ್ ಎರಡು ಸಿಲಿಂಡರಿಗೆ ಒಟ್ಟಿಗೆ ಕಿಡಿ ಕೊಡುವ ವ್ಯವಸ್ಥೆಯಲ್ಲಿ, ಡಯಲ್ ಇರುವ ಟೈಮಿಂಗ್ ಲೈಟ್ ಎರಡರಷ್ಟು ತೋರಿಸಬಹುದು. ಡಯಲ್ ಸೊನ್ನೆಗೆ ಇಟ್ಟು ಪುಲ್ಲಿ ಮೇಲಿನ ಡಿಗ್ರಿ ಗುರುತನ್ನೇ ಓದಿ.

ಮ್ಯಾಪ್ ಕೂಡ ಹೊಸದಾಗಿ ಬರೆದರು. ಪೂರ್ತಿ ಆಕ್ಸಿಲರೇಟರಿನ ಸಾಲಿಗೆ, ಅಂದರೆ ಆ ವ್ಯಾಕ್ಯೂಮ್ ಸೆನ್ಸರ್ 100 ಕಿಲೋಪ್ಯಾಸ್ಕಲ್ ಹತ್ತಿರ ತೋರಿಸುವ ಕಡೆ, ಬೇಕೆಂದೇ ಕಡಿಮೆ ಸಂಖ್ಯೆ ಹಾಕಿ ಡೈನೋ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಒಂದೊಂದೇ ಡಿಗ್ರಿ ಏರಿಸಿದರು. ಟಾರ್ಕ್ ಏರುವುದು ನಿಂತ ಕಡೆ ಏರಿಸುವುದೂ ನಿಂತಿತು. ಬ್ಲಾಕಿಗೆ ಬಿಗಿದ ತಾಮ್ರದ ಕೊಳವೆಯ ಇನ್ನೊಂದು ತುದಿ ಅವರ ಇಯರ್‌ಮಫ್‌ಗೆ ಸೇರಿಸಿತ್ತು, ನಾಕಿಂಗ್ ಕೇಳಲು. ಭಯಕ್ಕೆ ಎಲ್ಲ ಕಡೆ ಟೈಮಿಂಗ್ ಹಿಂದಕ್ಕೆ ಎಳೆದು ಬಿಡೋಣ ಅಂತ ನಾನೇ ಹೇಳಿದೆ. ಒಪ್ಪಲಿಲ್ಲ. ತುಂಬ ತಡವಾಗಿ ಉರಿದರೆ ಬೆಂಕಿಯ ಶಾಖ ಎಕ್ಸಾಸ್ಟ್ ಕಡೆಗೆ ಹೋಗಿ ವಾಲ್ವ್ ಸುಡುತ್ತದಂತೆ.

ಹಳೆಯ ಟ್ಯೂನರ್ "ಪಿಸ್ಟನ್ನೇ ಹಳೇದಿತ್ತು ಬಿಡಿ" ಅಂದುಬಿಟ್ಟ. ಯೂನಿಟ್‌ಗೆ ಪಾಸ್‌ವರ್ಡ್ ಬೇರೆ ಹಾಕಿದ್ದ, ಕೊಡಲೂ ಇಲ್ಲ. ಎಲ್ಲ ಅಳಿಸಿ ಮೊದಲಿಂದ ಶುರು ಮಾಡಬೇಕಾಯಿತು. ದುಡ್ಡು ಕೊಡುವ ಮುಂಚೆಯೇ ಫೈಲ್ ಮತ್ತು ಪಾಸ್‌ವರ್ಡ್ ಎರಡೂ ಕೇಳಿ ತಗೊಳ್ಳಿ. 10 ಡಿಗ್ರಿಗೆ ಲಾಕ್ ಮಾಡಿಸಿ, ಪುಲ್ಲಿ ಮೇಲೆ ಗುರುತು ನಿಂತಿದ್ದನ್ನು ನಿಮ್ಮ ಕಣ್ಣಾರೆ ನೋಡಿ.

ಈಗಾಗಲೇ ಇಂಥ ಮ್ಯಾಪ್ ಹಾಕಿಸಿದ್ದು, ಬಿಸಿ ಎಂಜಿನ್ನಿನಲ್ಲಿ ಸೆಲ್ಫ್ ತಡವರಿಸುತ್ತಿದ್ದರೆ, ಲೈಟ್ ಹಿಡಿಸಿ ಪ್ಲಗ್ ಬಿಚ್ಚಿಸಿ ನೋಡುವವರೆಗೆ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ.