ಗ್ರಿಶಮ್ಮಾ ಟುರೋನಾ, ಮೊದ್ಲು ಯಾವ್ದು?

ಲೀಗಲ್ ಥ್ರಿಲ್ಲರ್ (ಲಾಯರ್, ಕೋರ್ಟ್ ಸುತ್ತ ನಡೆಯೋ ರೋಚಕ ಕಾದಂಬರಿ) ಓದೋಕೆ ಶುರು ಮಾಡ್ಬೇಕು, 'ದಿ ಫರ್ಮ್' ತಗೊಳ್ಲಾ 'ಪ್ರಿಸ್ಯೂಮ್ಡ್ ಇನೊಸೆಂಟ್' ತಗೊಳ್ಲಾ ಅಂತ ಕೇಳಿದ್ರಲ್ಲ, ನಂಗಂತೂ ಎರಡೂ ಪ್ರಾಣ.

ಸ್ಪೀಡ್ ಬೇಕಂದ್ರೆ ಜಾನ್ ಗ್ರಿಶಮ್ ಅವ್ರ 'ದಿ ಫರ್ಮ್' (1991). ಇಂಗ್ಲಿಷ್ ಸಲೀಸು, ಬಸ್ಸಲ್ಲಿ ಕೂತೂ ಓದ್ಬಹುದು. ಅಮೆರಿಕದ ಮೆಂಫಿಸ್‌ನ ಲಾ ಫರ್ಮ್ ಹೊಸ ಲಾಯರ್ ಮಿಚ್‌ಗೆ ಬಿಎಂಡಬ್ಲ್ಯೂ ಕೊಡುತ್ತೆ, ಓದಿನ ಸಾಲಾನೂ ತೀರಿಸುತ್ತೆ, ಆಮೇಲೆ ನೋಡಿದ್ರೆ ಹಿಂದೆ ಮಾಫಿಯಾ, ಅಲ್ಲಿಂದ ನಂಗೆ ಪುಸ್ತಕ ಕೆಳಗಿಡೋಕೇ ಆಗ್ಲಿಲ್ಲ. ಆದ್ರೆ ಕೋರ್ಟ್ ವಾದಕ್ಕೆ ಅಂತ ಓದೋ ಪುಸ್ತಕ ಅಲ್ಲ.

ವಾದ ಬೇಕಾ, ಸ್ಕಾಟ್ ಟುರೋ ಅವ್ರ 'ಪ್ರಿಸ್ಯೂಮ್ಡ್ ಇನೊಸೆಂಟ್' (1987) ಹಿಡೀರಿ. ಪ್ರಾಸಿಕ್ಯೂಟರ್ (ಸರ್ಕಾರಿ ವಕೀಲ) ರಸ್ಟಿ ಮೇಲೇನೇ ಸಹೋದ್ಯೋಗಿ ಕೊಲೆ ಆರೋಪ, ಕಥೆ ಹೇಳೋನೂ ಅವ್ನೇ, ನಂಬ್ಲಾ ಬೇಡ್ವಾ ಅಂತ ಒದ್ದಾಡಿಬಿಟ್ಟೆ. ಒಂದು ಗ್ಲಾಸ್ ಮೇಲಿನ ಬೆರಳಚ್ಚಿಗೆ ಎಷ್ಟೆಲ್ಲಾ ಜಗ್ಗಾಟ! ನಿಧಾನ ಇದೆ, ಬಿಡುವಿದ್ದಾಗ್ಲೇ ಓದಿ.

ಸಿನಿಮಾ ನೋಡಿದ್ರೂ 'ದಿ ಫರ್ಮ್' ಓದಿ, ಕೊನೆ ಬೇರೆ ಇದೆ. ಟುರೋ ಪುಸ್ತಕದ ಕೊನೆ ಮಾತ್ರ ಯಾರ ಹತ್ರಾನೂ ಕೇಳ್ಬೇಡಿ.